ಬಕೆಟ್ ನನ್ನ ಕೈಯಲ್ಲಿತ್ತು, ಅಪ್ಪಾಜಿ ಇರಲಿಲ್ಲ

ಮೊದಲು ಸುದ್ದಿ ಹೇಳಿಬಿಡುತ್ತೇನೆ: ಅಪ್ಪಾಜಿ ಆರಾಮಾಗಿದ್ದಾರೆ. ಶನಿವಾರ ಸಂಜೆಯಿಂದ ಫೋನು, ಮೆಸೇಜು ಮಾಡುತ್ತಿರುವವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬಿ.ಪಿ. ಹಿಡಿತದಲ್ಲಿದೆ. ಇವತ್ತು ಬೆಳಿಗ್ಗೆ ಎರಡು ರೊಟ್ಟಿ ತಿಂದು, ಇಲ್ಲಿಯ ಬೆಣ್ಣೆಗೆ ರುಚಿಯೇ ಇಲ್ಲ ಅಂತ ಬೈದರು. ದಾವಣಗೆರೆಯವರು ಬೆಣ್ಣೆಯ ಮೇಲೆ ತಕರಾರು ತೆಗೆದರು ಅಂದರೆ ಪೂರ್ತಿ ಗುಣವಾದರು ಅಂತಲೇ ಲೆಕ್ಕ.

ನಡೆದದ್ದು ಅಮೆರಿಕದ ಲೋವೆಲ್‌ನಲ್ಲಿ. ಬಾಸ್ಟನ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಪ್ರತಿ ಜುಲೈ ಕೊನೆಯ ವಾರಾಂತ್ಯ ಇಡೀ ಊರಿನ ನಡುಭಾಗವೇ ಜಾನಪದ ಸಂತೆಯಾಗುತ್ತದೆ. ನ್ಯಾಷನಲ್ ಫೋಕ್ ಫೆಸ್ಟಿವಲ್ ಅಂತ 1934ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಶುರುವಾದ ಒಂದು ಹಬ್ಬ ಊರಿಂದೂರಿಗೆ ಹೋಗುತ್ತಿರುತ್ತದೆ. ಅದು 1987ರಿಂದ 1989ರವರೆಗೆ ಮೂರು ವರ್ಷ ಲೋವೆಲ್‌ನಲ್ಲಿ ನಡೆಯಿತು. ಆಮೇಲೆ ಮುಂದಿನ ಊರಿಗೆ ಹೊರಟಿತು. ಲೋವೆಲ್‌ನವರು ಮಾತ್ರ ಪೆಂಡಾಲು ಬಿಚ್ಚಲಿಲ್ಲ. ಜಾತ್ರೆ ಮುಗಿದ ಮೇಲೂ ತೇರನ್ನು ತಮ್ಮಲ್ಲೇ ಇಟ್ಟುಕೊಂಡ ಹಾಗೆ, 1990ರಿಂದ ಊರಿನ ಹೆಸರಿನಲ್ಲೇ ಲೋವೆಲ್ ಫೋಕ್ ಫೆಸ್ಟಿವಲ್ ನಡೆಸಿಕೊಂಡು ಬಂದರು.

ಇದಕ್ಕೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದ್ದಕ್ಕೇ ಬಕೆಟ್ ಇದೆ. ಬಕೆಟ್ ಬ್ರಿಗೇಡ್ ಅಂತ ನಮ್ಮದೊಂದು ಸ್ವಯಂಸೇವಕರ ತಂಡ. ಜನರ ನಡುವೆ ಬಕೆಟ್ ಹಿಡಿದು ಓಡಾಡಿ ದೇಣಿಗೆ ಕೇಳುವುದು ನಮ್ಮ ಕೆಲಸ. ಊರಲ್ಲಿ ಗಣಪತಿ ಚಂದಾ ಕೇಳಲೂ ನಾಚುತ್ತಿದ್ದ ನಾನು ನಾಲ್ಕು ವರ್ಷದಿಂದ ಇಲ್ಲಿ ಗಟ್ಟಿ ದನಿಯಲ್ಲಿ ದುಡ್ಡು ಕೇಳುತ್ತೇನೆ. ಪರದೇಶದಲ್ಲಿ ನಾಚಿಕೆ ಬೇಗ ಬಿಡುತ್ತದೆ.

ಈ ಸಲ ಅಪ್ಪಾಜಿಯನ್ನೂ ಕರೆದುಕೊಂಡು ಹೋಗಿದ್ದೆ. ವಯಸ್ಸು ಎಪ್ಪತ್ತನಾಲ್ಕು. ದಾವಣಗೆರೆಯ ಬಟ್ಟೆ ಮಿಲ್ಲೊಂದರ ವೀವಿಂಗ್ ಖಾತೆಯಲ್ಲಿ, ಬಾಗಿಲು ಹಾಕುವವರೆಗೂ, ಮೂರು ಪಾಳಿಯಲ್ಲೂ ದುಡಿದವರು. ಕಿವಿ ಅಲ್ಲೇ ಹೋಯಿತು. ಈಗ ಬಲಗಿವಿಯ ಹತ್ತಿರ ಕೂಗಿದರೆ ಮಾತ್ರ ಕೇಳುತ್ತದೆ. ಸಂಗೀತದ ಹಬ್ಬಕ್ಕೆ ಕಿವುಡ ಅಪ್ಪನನ್ನು ಕರೆದುಕೊಂಡು ಹೋಗುತ್ತೀಯಲ್ಲ ಅಂತ ನಮ್ಮವರು ನಕ್ಕಿದ್ದರು. ಮನೆಯಲ್ಲಿ ಒಬ್ಬರೇ ಇದ್ದರೆ ಬೇಜಾರಾಗುತ್ತದೆ, ಜನರನ್ನಾದರೂ ನೋಡಲಿ ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು.

ದಾರಿಯಲ್ಲಿ ಕಾರು ಓಡಿಸುತ್ತಾ ಊರಿನ ಕಥೆ ಕೂಗಿ ಹೇಳಿದೆ. ಮೆರಿಮ್ಯಾಕ್ ನದಿ ಅಲ್ಲಿ ಪಾಟಕೆಟ್ ಅನ್ನುವ ಕಡೆ ಧುಮುಕುತ್ತದೆ, ಆ ನೀರಿನ ಬಲದಿಂದ ಯಂತ್ರ ತಿರುಗಿಸೋಣ ಅಂತ 1820ರ ದಶಕದಲ್ಲಿ ಮಿಲ್ಲು ಕಟ್ಟಿದರು, ಕಾಲುವೆ ತೋಡಲು ಐರಿಷ್ ಕೂಲಿಗಳು ಬಂದರು ಅಂತ. ಮಗ್ಗ ನೋಡಿಕೊಳ್ಳಲು ಹಳ್ಳಿಗಳಿಂದ ರೈತರ ಹೆಣ್ಣುಮಕ್ಕಳು ಬಂದರು, 1834ರಲ್ಲಿ ಕೂಲಿ ಕಡಿತ ಮಾಡಿದಾಗ ಅದೇ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗಿಳಿದರು ಅಂತ. ಆಮೇಲೆ ಕ್ವಿಬೆಕ್‌ನ ಫ್ರೆಂಚರು, ಗ್ರೀಕರು, ಪೋಲಿಷರು, ಪೋರ್ಚುಗೀಸರು ಬಂದರು, ಮಿಲ್ಲುಗಳೆಲ್ಲ ಮುಚ್ಚಿ ಎಷ್ಟೋ ವರ್ಷದ ಮೇಲೆ, 1980ರ ದಶಕದಲ್ಲಿ, ಖಮೇರ್ ರೂಜ್ ಅನ್ನುವ ಕ್ರೂರ ಆಡಳಿತದ ನರಮೇಧದಿಂದ ಬದುಕುಳಿದ ಕಾಂಬೋಡಿಯದವರು ಬಂದರು ಅಂತ. ಅಪ್ಪಾಜಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಹತ್ತಿ ಎಲ್ಲಿಂದ ತರಿಸ್ತಿದ್ರು?”

ಮಿಲ್ಲಿನವರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು. ದಕ್ಷಿಣದ ರಾಜ್ಯಗಳಿಂದ, ಗುಲಾಮರು ಬೆಳೆದ ಹತ್ತಿ, ಇಲ್ಲಿ ನೇಯ್ದ ದೊರಗು ಬಟ್ಟೆಯಲ್ಲಿ ಒಂದಷ್ಟು ತಿರುಗಿ ಆ ಗುಲಾಮರಿಗೆ ಉಡಿಸಲಿಕ್ಕೇ ಹೋಗುತ್ತಿತ್ತು ಅಂದೆ. ಕಾರು ನಿಲ್ಲಿಸುವವರೆಗೂ ಅವರು ಮತ್ತೆ ಮಾತಾಡಲಿಲ್ಲ.

ಬೋರ್ಡಿಂಗ್ ಹೌಸ್ ಪಾರ್ಕಿನ ವೇದಿಕೆಯೆದುರು ನೆರಳು ನೋಡಿ ಕೂರಿಸಿದೆ. ನೀರಿನ ಬಾಟಲಿ, ಕೊಡೆ, ಚುರುಮುರಿಯ ಡಬ್ಬಿ ಪಕ್ಕದಲ್ಲಿಟ್ಟೆ. ಇಲ್ಲೇ ಇರಿ ಅಂತ ಮೂರು ಸಲ ಕೈಸನ್ನೆ ಮಾಡಿ ಬಕೆಟ್ ಹಿಡಿದು ಹೊರಟೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಕೊಡೆ ಇದೆ, ಡಬ್ಬಿ ಇದೆ, ಅಪ್ಪಾಜಿ ಇಲ್ಲ. ಅವರ ಫೋನು ನನ್ನ ಚೀಲದಲ್ಲೇ ಇತ್ತು. ಇಂಗ್ಲಿಷು ಬರುವುದು ‘ಥ್ಯಾಂಕ್ಯೂ’, ‘ನೋ ಶುಗರ್’ ಅಷ್ಟೇ. ಬಿಸಿಲು ತೊಂಬತ್ತು ಡಿಗ್ರಿ ದಾಟಿತ್ತು. ಫ್ಯಾರನ್‌ಹೀಟ್ ಬಿಡಿ, ಆದರೂ ಬಿಸಿಲು ಬಿಸಿಲೇ.

ಮುಂದಿನ ಐವತ್ತು ನಿಮಿಷದ ಋಣ ಯಾರ್ಯಾರದು ಅಂತ ಹೇಳುವುದಕ್ಕೇ ಈ ಬರಹ.

ನನ್ನ ಜೊತೆ ಬಕೆಟ್ ಹಿಡಿಯುವ ನಿವೃತ್ತ ಟೀಚರಮ್ಮನಿಗೆ ಮೊದಲ ನಮಸ್ಕಾರ. ಅವರ ಅಜ್ಜಿ ಕ್ವಿಬೆಕ್‌ನಿಂದ ಇಲ್ಲಿಯ ಮಿಲ್ಲಿಗೆ ಬಂದವರು. ಒಂದು ಮಾತೂ ಆಡದೆ ವಾಕಿಟಾಕಿ ಇದ್ದವರನ್ನು ಹುಡುಕಿ ಕರೆತಂದರು. ಆ ಗಡಿಬಿಡಿಯಲ್ಲಿ ನಾನು ಬಕೆಟ್ ಕೆಳಗಿಡುವುದನ್ನೇ ಮರೆತು ಅಳುತ್ತಾ ಓಡಾಡುತ್ತಿದ್ದೆ. ಒಬ್ಬ ಪುಣ್ಯಾತ್ಮ ನನ್ನನ್ನು ನಿಲ್ಲಿಸಿ ಬಕೆಟ್ಟಿಗೆ ಇಪ್ಪತ್ತು ಡಾಲರ್ ಹಾಕಿದರು. ಏನಂದುಕೊಂಡರೋ! ಅವರಿಗೂ ಥ್ಯಾಂಕ್ಸ್, ಹಣ ಹಬ್ಬದ ಲೆಕ್ಕಕ್ಕೇ ಹೋಗಿದೆ.

ವೇದಿಕೆಯವರು ಎರಡು ಹಾಡುಗಳ ನಡುವೆ ನನ್ನ ಕೈಗೆ ಮೈಕು ಕೊಟ್ಟು, ಅವರಿಗೆ ತಿಳಿಯುವ ಭಾಷೆಯಲ್ಲೇ ಕರೆಯಿರಿ ಅಂದರು. ಸಾವಿರಾರು ಜನರೆದುರು, “ಅಪ್ಪಾಜೀ, ಎಲ್ಲಿದ್ದೀರಿ? ಸ್ಟೇಜ್ ಹತ್ರ ಬನ್ನಿ” ಅಂತ ಕೂಗಿದೆ. ಕಿವಿ ಕೇಳದವರನ್ನು ಮೈಕಿನಲ್ಲಿ ಕರೆಯುತ್ತಿದ್ದೇನೆ ಅನ್ನುವುದು ವೇದಿಕೆ ಇಳಿದ ಮೇಲೆ ಹೊಳೆಯಿತು.

ಕೇಳಿಸಬೇಕಾದವರಿಗೆ ಕೇಳಿಸಲಿಲ್ಲ, ಇಬ್ಬರು ಹುಡುಗರಿಗೆ ಕೇಳಿಸಿತು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗರು. ಒಬ್ಬ ಹಾಸನದ ಕಡೆಯವನು, ಇನ್ನೊಬ್ಬ ಕಲಬುರಗಿಯವನು. ತಿನ್ನುತ್ತಿದ್ದ ತಟ್ಟೆ ಹಿಡಿದುಕೊಂಡೇ ಓಡಿಬಂದರು. “ಅಕ್ಕಾ, ಮೈಕಲ್ಲಿ ಕನ್ನಡ ಮಾತಾಡಿದ್ದು ನೀವಾ?” ಅಂತ ಕೇಳಿದರು. ಒಬ್ಬ ಕಾಲುವೆ ದಂಡೆಯ ಕಡೆ ಓಡಿದ. ಇನ್ನೊಬ್ಬ ಅಪ್ಪಾಜಿ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದ. ನನಗೆ ಸಿಟ್ಟು ಬಂತು, ಈಗ ಅದೆಲ್ಲ ಯಾಕಪ್ಪ ಅಂದೆ. ಅವನು ಪಾರ್ಕಿನ ಪಕ್ಕದಲ್ಲೇ ಇರುವ ಬೂಟ್ ಮಿಲ್ಲಿನತ್ತ ಕೈ ತೋರಿಸಿದ. “ಅಲ್ಲಿ ಒಳಗೆ ನೋಡಿದ್ರಾ?”

ಬೂಟ್ ಮಿಲ್ಲು ಈಗ ಮ್ಯೂಸಿಯಂ. ನೆಲ ಅಂತಸ್ತಿನ ಕೋಣೆಯಲ್ಲಿ 88 ಮಗ್ಗಗಳಿವೆ. ಒಂದಷ್ಟನ್ನು ಈಗಲೂ ಓಡಿಸಿ ತೋರಿಸುತ್ತಾರೆ. ಸದ್ದು ತಡೆಯಲಾಗದು ಅಂತ ಬಂದವರಿಗೆಲ್ಲ ಕಿವಿಗೆ ಇಟ್ಟುಕೊಳ್ಳಲು ಬಿರಡೆ ಕೊಡುತ್ತಾರೆ. ಅಪ್ಪಾಜಿ ಅಲ್ಲಿದ್ದರು. ಕಂಬಿಗೆ ಒರಗಿ ನಿಂತಿದ್ದರು, ಚಪ್ಪಲಿ ಬಿಟ್ಟಿದ್ದರು. ಬರಿಗಾಲಲ್ಲಿ ನೆಲದ ಅದುರು ಗೊತ್ತಾಗುತ್ತದಂತೆ. ಎದುರಿಗೆ ಮಗ್ಗ ನೋಡಿಕೊಳ್ಳುವ ಹೆಂಗಸು. ಇಬ್ಬರೂ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು, ನಡುನಡುವೆ ನಗು ಬೇರೆ. ಲೂಮಿನ ಸದ್ದಿನಲ್ಲಿ ದುಡಿದವರಿಗೆ ಬಾಯಿ, ಕೈ ನೋಡಿಯೇ ಮಾತು ತಿಳಿಯುತ್ತದೆ. ಚಿಕ್ಕವಳಿದ್ದಾಗ ಅಪ್ಪಾಜಿಯ ಸ್ನೇಹಿತರು ಬಸ್‌ಸ್ಟ್ಯಾಂಡಿನ ಆ ಕಡೆ, ಈ ಕಡೆ ನಿಂತು ಸದ್ದಿಲ್ಲದೆ ಹರಟೆ ಹೊಡೆಯುವುದನ್ನು ನೋಡಿದ್ದೇನೆ.

ನನ್ನನ್ನು ನೋಡಿ, “ಯಾಕವ್ವಾ ಇಷ್ಟು ಬೆವತೀಯ?” ಅಂದರು.

ಆಮೇಲೆ ಗೊತ್ತಾದದ್ದು ಇಷ್ಟು. ಜನ ಕಿವಿಯಿಂದ ಬಿರಡೆ ಕೀಳುತ್ತಾ ಆ ಬಾಗಿಲಿಂದ ಹೊರಗೆ ಬರುವುದನ್ನು ಅಪ್ಪಾಜಿ ನೋಡಿದ್ದಾರೆ. ಒಳಗೆ ಮಗ್ಗ ಓಡುತ್ತಿದೆ ಅಂತ ತಿಳಿಯಲು ಅಷ್ಟು ಸಾಕಾಗಿದೆ. ಬಾಗಿಲಲ್ಲಿದ್ದವರು ಬಿರಡೆ ಕೊಡಲು ಬಂದರೆ, ನನಗ್ಯಾಕೆ ಅಂತ ಕೈಯಾಡಿಸಿ ನಕ್ಕಿದ್ದಾರೆ. ಒಳಗೆ ಹೋಗಿ, ಒಂದು ಮಗ್ಗದಲ್ಲಿ ಹಾಸಿನ ಎಳೆ ಕಡಿದದ್ದನ್ನು ಕಂಡು ಆ ಹೆಂಗಸಿಗೆ ಬೆರಳು ಮಾಡಿ ತೋರಿಸಿದ್ದಾರೆ. ಅವರು ಯಂತ್ರ ನಿಲ್ಲಿಸಿ, ಎಳೆ ಸರಿಮಾಡಿ, ಎರಡು ತುಂಡು ನೂಲು ತಂದು ಅಪ್ಪಾಜಿಯ ಕೈಗೆ ಕೊಟ್ಟಿದ್ದಾರೆ, ನಿಮ್ಮ ಕಡೆ ಹೇಗೆ ಗಂಟು ಹಾಕುತ್ತೀರಿ ತೋರಿಸಿ ಅನ್ನುವ ಹಾಗೆ. ಕಣ್ಣು ಮಂಜಾದರೂ ಬೆರಳು ಮರೆತಿರಲಿಲ್ಲ. ಆ ಗಂಟನ್ನು ಆ ಹೆಂಗಸು ತಮ್ಮ ಜೇಬಿಗೆ ಹಾಕಿಕೊಂಡಿದ್ದನ್ನು ನಾನೇ ನೋಡಿದೆ. ಅಮ್ಮಾ, ನಿಮ್ಮ ಹೆಸರು ಕೇಳುವಷ್ಟು ಧ್ಯಾನ ನನಗಿರಲಿಲ್ಲ, ಕ್ಷಮಿಸಿ.

ನಿಜವಾದ ಗಾಬರಿ ಆಮೇಲಿನದು. ಹೊರಗೆ ಬಿಸಿಲಿಗೆ ಬಂದು ನೂರು ಹೆಜ್ಜೆ ನಡೆಯುವಷ್ಟರಲ್ಲಿ ಅಪ್ಪಾಜಿಗೆ ಕಣ್ಣು ಕತ್ತಲಿಟ್ಟಿತು. ಹತ್ತಿರದಲ್ಲಿದ್ದದ್ದು ಕಾಂಬೋಡಿಯದವರ ಊಟದ ಮಳಿಗೆ. ಈ ಹಬ್ಬದ ಊಟದ ಮಳಿಗೆಗಳನ್ನು ಹೆಚ್ಚಾಗಿ ಚರ್ಚು, ಸಮುದಾಯ ಸಂಘಗಳವರೇ ನಡೆಸುತ್ತಾರೆ, ಅಡುಗೆ ಮಾಡುವವರು ಮನೆಯ ಹೆಂಗಸರೇ. ಇದ್ದ ಸಾಲು ಸಾಲಾಗಿಯೇ ನಿಂತಿತು, ಅವರು ಬಡಿಸುವುದು ಬಿಟ್ಟು ಐಸ್‌ಪೆಟ್ಟಿಗೆಯ ಮೇಲೆ ಅಪ್ಪಾಜಿಯನ್ನು ಕೂರಿಸಿದರು. ಕತ್ತಿಗೆ ತಣ್ಣನೆ ಒದ್ದೆ ಟವೆಲ್ಲು, ಕುಡಿಯಲು ನಿಂಬೆಹಣ್ಣಿನ ನೀರು. ಒಬ್ಬ ಅಜ್ಜಿ ರಟ್ಟಿನಿಂದ ಗಾಳಿ ಬೀಸುತ್ತಾ ತಮ್ಮ ಭಾಷೆಯಲ್ಲಿ ಏನೋ ಬೈಯುತ್ತಿದ್ದರು. ಭಾಷೆ ತಿಳಿಯದಿದ್ದರೂ ಬೈಗುಳ ನನಗೇ ಅಂತ ತಿಳಿಯಿತು. ಸರಿಯಾಗಿಯೇ ಬೈದಿದ್ದೀರಿ, ಅಜ್ಜೀ.

ಪ್ರಥಮ ಚಿಕಿತ್ಸೆಯವರು ಬಂದು ಬಿ.ಪಿ., ಸಕ್ಕರೆ ನೋಡಿದರು. ಆಸ್ಪತ್ರೆ ಬೇಡ, ನೆರಳಲ್ಲಿ ಕೂರಿಸಿ, ನೀರು ಕುಡಿಸುತ್ತಿರಿ ಅಂದರು. ಊರಿಂದ ಬಂದ ಅಪ್ಪ ಅಮ್ಮನಿಗೆ ಇಲ್ಲಿ ವಿಮೆ ಮಾಡಿಸಿದವರಿಗೆ ‘ಆಸ್ಪತ್ರೆ ಬೇಡ’ ಅನ್ನುವ ಮಾತು ಎಷ್ಟು ಹಿತ ಅಂತ ಬಿಡಿಸಿ ಹೇಳಬೇಕಿಲ್ಲ.

ಮನೆಗೆ ಹೋಗೋಣ ಅಂದರೆ ಅಪ್ಪಾಜಿ ಒಪ್ಪಲಿಲ್ಲ. ಸಂಜೆ ತಂಪಾದ ಮೇಲೆ ಕ್ವಿಬೆಕ್ ಕಡೆಯ ಫಿಡ್ಲು ಕೇಳಿದೆವು. ಆ ಕಡೆಯ ವಾದ್ಯಗಾರರು ಕುರ್ಚಿಯಲ್ಲಿ ಕೂತು ನುಡಿಸುತ್ತಾ ಎರಡೂ ಪಾದದಿಂದ ಹಲಗೆಯ ಮೇಲೆ ತಾಳ ಕುಟ್ಟುತ್ತಾರೆ, ಕಾಲೇ ಮದ್ದಳೆ. ಅಪ್ಪಾಜಿ ಕಾಲು ನೋಡುತ್ತಾ ತೊಡೆಯ ಮೇಲೆ ತಾಳ ಹಾಕಿದರು, ಒಂದು ಪೆಟ್ಟೂ ತಪ್ಪಲಿಲ್ಲ. “ಲಾಳಿ ಹೋಗಿ ಬಂದ ಲೆಕ್ಕ” ಅಂದರು, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ. ಅಪ್ಪಾಜಿ ಏನಂದರು ಅಂತ ಟೀಚರಮ್ಮ ಕೇಳಿದಾಗ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಹಾಸನದ ಹುಡುಗ, ಕಲಬುರಗಿಯ ಹುಡುಗ, ನಿಮ್ಮ ನಂಬರ್ ತೆಗೆದುಕೊಳ್ಳಲು ಮರೆತೆ. ಇದನ್ನು ಓದಿದರೆ ದಯವಿಟ್ಟು ಮೆಸೇಜ್ ಮಾಡಿ. ಅಪ್ಪಾಜಿ ಅಕ್ಟೋಬರ್‌ವರೆಗೆ ಇಲ್ಲೇ ಇರುತ್ತಾರೆ, ಒಂದು ಭಾನುವಾರ ಊಟಕ್ಕೆ ಬರಲೇಬೇಕು. ಮಳಿಗೆಯವರ ನೀಲಿ ಟವೆಲ್ಲು ನಮ್ಮ ಜೊತೆಗೇ ಬಂದುಬಿಟ್ಟಿದೆ. ಒಗೆದು, ಮಡಿಸಿ ಇಟ್ಟಿದ್ದೇವೆ. ಬರುವ ಶನಿವಾರ ಕೊಟ್ಟು ಬರುತ್ತೇವೆ. ಬರಿಗೈಯಲ್ಲಿ ಹೋಗಬಾರದು ಅಂತ ಅಪ್ಪಾಜಿ ಈಗಲೇ ಇಂಡಿಯನ್ ಅಂಗಡಿಯಿಂದ ಮಂಡಕ್ಕಿ ತರಿಸಿದ್ದಾರೆ. ಮೆಣಸಿನಕಾಯಿ ಇಲ್ಲಿಯದು ಖಾರ ಸಾಲದು ಅನ್ನುವುದು ಈಗಿನ ಹೊಸ ತಕರಾರು.