ಮಗಳಿಗೊಂದು ಪತ್ರ: ಕಣ್ಣಿನ ನರದ ಉರಿಯೂತದ ನಂತರ

ಪುಟ್ಟಿ,

ಕಣ್ಣಿನ ಮಂಜು ಕರಗುತ್ತಿದೆ ಎಂದವಳೇ ‘ಮುಂದೆ ಎಂಎಸ್ ಬರುತ್ತಾ ಅಮ್ಮಾ?’ ಅಂತ ಕೇಳಿದೆ. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಸವೆಯುವ ರೋಗ. ಏನನ್ನೂ ಮುಚ್ಚಿಡದೆ ಬರೆಯುತ್ತೇನೆ.

ಆಪ್ಟಿಕ್ ನ್ಯೂರೈಟಿಸ್, ಅಂದರೆ ನಿನಗಾದ ಈ ಕಣ್ಣಿನ ನರದ ಉರಿಯೂತ ಆದವರನ್ನು ಅಮೆರಿಕದಲ್ಲಿ 15 ವರ್ಷ ಗಮನಿಸಿದ ಅಧ್ಯಯನವೊಂದಿದೆ, 1988ರಲ್ಲಿ ಶುರುವಾದದ್ದು. ಅವರಲ್ಲಿ ಸುಮಾರು ಅರ್ಧ ಜನರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂತು. ಆದರೆ ಆ ‘ಅರ್ಧ’ವನ್ನು ತಲೆಗೆ ಹಚ್ಚಿಕೊಳ್ಳಬೇಡ. ಮೊದಲ ಎಂಆರ್‌ಐಯಲ್ಲಿ ಮಿದುಳಿನಲ್ಲಿ ಉರಿಯೂತದ ಒಂದೂ ಚುಕ್ಕೆ ಇಲ್ಲದವರಲ್ಲಿ ಅದು ಶೇ. 25, ಒಂದಾದರೂ ಇದ್ದವರಲ್ಲಿ ಶೇ. 72. ಚುಕ್ಕೆಯಿಲ್ಲದೆ, ರೋಗವೂ ಕಾಣದೆ 10 ವರ್ಷ ದಾಟಿದವರಿಗೆ ಆಮೇಲೆ ಬಂದದ್ದು ತೀರಾ ಅಪರೂಪ. ಈಗಿರುವ ಔಷಧಿಗಳಲ್ಲಿ ಬಹುಪಾಲು ಆಗ ಇರಲೇ ಇಲ್ಲ. ಆ ಚುಕ್ಕೆಗಳೇ ಮುಖ್ಯವಾದ್ದರಿಂದ ಎಂಆರ್‌ಐ ಸಿ.ಡಿ.ಯನ್ನು ಜೋಪಾನವಾಗಿಡು. ಮುಂದಿನ ಸ್ಕ್ಯಾನನ್ನು ಅದರ ಪಕ್ಕದಲ್ಲಿಟ್ಟೇ ನೋಡಬೇಕು.

ಅಕ್ವಾಪೊರಿನ್-4 ಮತ್ತು ಮಾಗ್ (MOG) ಪ್ರತಿಕಾಯಗಳ, ಅಂದರೆ ದೇಹ ತನ್ನ ವಿರುದ್ಧ ತಾನೇ ತಯಾರಿಸುವ ಪ್ರೋಟೀನುಗಳ ರಕ್ತಪರೀಕ್ಷೆ ಆಗಿದೆಯೇ ಅಂತ ಕೇಳು. ಅಕ್ವಾಪೊರಿನ್ ಪ್ರತಿಕಾಯ ಇದ್ದರೆ ಅದು ಎಂಎಸ್ ಅಲ್ಲ, ಬೇರೆಯೇ ರೋಗ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್‌ನಂಥವು ಅದನ್ನು ಕೆರಳಿಸಬಹುದು.

ಬಿಸಿನೀರಿನ ಸ್ನಾನ ಮಾಡಿದಾಗ, ಓಡಿ ಬಂದಾಗ ಉರಿಯೂತವಾಗಿದ್ದ ಕಣ್ಣು ಮಸುಕಾದರೆ ಗಾಬರಿಯಾಗಬೇಡ. ಹೊದಿಕೆ ಸವೆದ ನರದಲ್ಲಿ ಮೈ ಬಿಸಿಯಾದಾಗ ಸಂಕೇತ ತಡೆದು ನಿಲ್ಲುತ್ತದೆ, ಮೈ ತಣಿದರೆ ಮತ್ತೆ ಹರಿಯುತ್ತದೆ. ಕೆಂಪು ಮುಚ್ಚಳವೊಂದನ್ನು ಒಂದೊಂದೇ ಕಣ್ಣಲ್ಲಿ ನೋಡು: ಈ ಕಣ್ಣಿಗೆ ಅದು ಒಗೆದು ಮಾಸಿದ ಬಟ್ಟೆಯ ಹಾಗೆ ಕಂಡೀತು. ಓದುವ ಚಾರ್ಟಿನ ಕೊನೆಯ ಸಾಲಿನವರೆಗೆ ಓದಿದರೂ ಬಣ್ಣ ಹೀಗೆಯೇ ಉಳಿಯಬಹುದು. ಎದುರಿಗೆ ಅಡ್ಡ ಹಾಯುವ ಗಾಡಿಯ ದೂರವೂ ತಪ್ಪಾಗಿ ಅಂದಾಜಾಗುತ್ತದೆ, ಏಕೆಂದರೆ ಈ ಕಣ್ಣಿನ ಸುದ್ದಿ ಮಿದುಳಿಗೆ ತುಸು ತಡವಾಗಿ ಮುಟ್ಟುತ್ತದೆ. ರಸ್ತೆ ದಾಟುವಾಗ ಇದು ನೆನಪಿರಲಿ.

ಜ್ವರವಿಲ್ಲದೆ 24 ಗಂಟೆ ದಾಟಿಯೂ ಉಳಿಯುವ ಹೊಸ ಲಕ್ಷಣವೇ ಎಚ್ಚರಿಕೆಯದು: ಕಾಲು ಜೋಮು, ಎದೆಗೆ ಪಟ್ಟಿ ಬಿಗಿದಂತೆ, ಎರಡೆರಡು ಕಾಣುವುದು, ಮೂತ್ರ ಕಟ್ಟುವುದು, ಕತ್ತು ಬಗ್ಗಿಸಿದರೆ ಬೆನ್ನಿಗಿಳಿಯುವ ಕರೆಂಟು, ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ ಅಥವಾ ವಾಂತಿ. ಅಂಥ ದಿನ ನನಗೆ ಹೇಳುವ ಮೊದಲು ನರರೋಗ ವೈದ್ಯರಿಗೆ ಹೇಳು.

ಇನ್ನೊಂದು ಮಾತು, ಉಳಿದ ಸ್ಟಿರಾಯ್ಡ್ ಮಾತ್ರೆಗಳನ್ನು ನೀನಾಗಿ ನುಂಗಬೇಡ. ದಿನಕ್ಕೆ 1 ಗ್ರಾಂನಂತೆ 3 ದಿನ ರಕ್ತನಾಳಕ್ಕೆ ಕೊಡುವ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದೃಷ್ಟಿಯನ್ನು ಬೇಗ ಮರಳಿಸುತ್ತದೆ, ಅಷ್ಟೇ. ಒಂದು ವರ್ಷ ಕಳೆದ ಮೇಲೆ ಕೊಟ್ಟವರಿಗೂ ಕೊಡದವರಿಗೂ ದೃಷ್ಟಿ ಹೆಚ್ಚುಕಡಿಮೆ ಒಂದೇ. ಬರೀ ಕಡಿಮೆ ಡೋಸಿನ ಮಾತ್ರೆ ತೆಗೆದುಕೊಂಡವರಲ್ಲಿ ಉರಿಯೂತ ಮರುಕಳಿಸಿದ್ದೇ ಹೆಚ್ಚು.

ಸ್ಕ್ಯಾನ್ ವರದಿ ಬಂದ ಕೂಡಲೇ ಪೂರ್ತಿ ಓದಿ ಹೇಳು.

ನಿನ್ನ
ಅಮ್ಮ