ಗಂಟೆ ಹೊಡೆದ ದಿನ ಯಾರ ಜೊತೆ ಹೋಗಲಿ ಅಂತ ಕೇಳಿದ್ದೀಯಲ್ಲ

ಪುಟ್ಟಿ,

ನಿನ್ನ ಇಮೇಲ್ ಓದಿದೆ. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯಲ್ಲ. ಜೊತೆಗೆ ಅಮೆರಿಕದ ನಿಮ್ಮ ಮೌಂಟ್ ಹೋಲಿಯೋಕ್ ಕಾಲೇಜಿನ ವಾರದ ಸುದ್ದಿಪಟ್ಟಿ ಕಳಿಸಿದ್ದೀಯಲ್ಲ, ಅದನ್ನೂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಸಂಗೀತ, ನಾಟಕ, ಕವಿತೆ ಓದೋದು, ಕುದುರೆ ಸವಾರಿ, ಬೇರೆ ದೇಶಕ್ಕೆ ಓದಲು ಹೋಗುವವರಿಗೆ ಮಾಹಿತಿ, ಏನುಂಟು ಏನಿಲ್ಲ. 2 ಸಾವಿರ ಚಿಲ್ಲರೆ ಹುಡುಗಿಯರಿಗೆ ಇಷ್ಟೊಂದು ಕಾರ್ಯಕ್ರಮ ಅಂದರೆ ದಿನಾ ಮದುವೆ ಮನೆ ಇದ್ದಂತೆ ಇರಬೇಕು ಬಿಡು.

ಆದರೆ ತಲೆಯಲ್ಲಿ ಕೂತದ್ದು ನಿನ್ನ ಒಂದೇ ಸಾಲು. "ಮೌಂಟನ್ ಡೇ ಗಂಟೆ ಹೊಡೆದ ತಕ್ಷಣ ಎಲ್ಲರೂ ಗುಂಪು ಕಟ್ಟಿಕೊಂಡು ಹೋಗ್ತಾರಂತೆ, ನನ್ನನ್ನು ಯಾರೂ ಕರೆಯದಿದ್ದರೆ ಏನ್ಮಾಡಲಿ ಅತ್ತೆ?" ಅಂತ ಬರೆದು, ಮುಂದಿನ ಸಾಲಿನಲ್ಲೇ ಅಲ್ಲಿಯ ಅನ್ನ ಮುದ್ದೆಯಾಗಿರುತ್ತೆ ಅಂತ ಹಾರಿಬಿಟ್ಟಿದ್ದೀಯ. ಹಾಗೆ ಹಾರಿದ್ದು ನೋಡಿಯೇ ನನಗೆ ಜಾಸ್ತಿ ಕಳವಳವಾಯಿತು. ನಿಮ್ಮಪ್ಪನಿಗೆ ಹೇಳಿಲ್ಲ. ಹೇಳಿದ್ದರೆ ಅವನು ರಾತ್ರೋರಾತ್ರಿ ಫೋನ್ ಮಾಡಿ ನಾಲ್ಕು ಧೈರ್ಯದ ಮಾತು ಹೇಳಿ, ನಿನಗೆ ಇನ್ನಷ್ಟು ಸಂಕಟ ಮಾಡುತ್ತಿದ್ದ.

ತಾರೀಕು ಮೊದಲೇ ಹೇಳಲ್ಲ ಅನ್ನೋದೇ ಈ ಮೌಂಟನ್ ಡೇಯಲ್ಲಿ ಕಷ್ಟ, ಅಲ್ವಾ? ತಾರೀಕು ಗೊತ್ತಿದ್ದರೆ ಆ ದಿನ ತಲೆನೋವು ಅಂತ ಹೊದ್ದು ಮಲಗಬಹುದು. ಇದು ಯಾವ ಬೆಳಗ್ಗೆಯಾದರೂ ಬರಬಹುದು. ಗಂಟೆ ಕೇಳಿಸಿತೋ, ಕ್ಲಾಸೆಲ್ಲ ರದ್ದು, ಎಲ್ಲರೂ ಬೆಟ್ಟಕ್ಕೆ. ಅಂದರೆ ನೀನು ದಿನಾ ಬೆಳಗ್ಗೆ ಕಿವಿ ನೆಟ್ಟಗೆ ಮಾಡಿಕೊಂಡು, ಇವತ್ತೇನೋ ಅಂತ ಏಳುತ್ತಿದ್ದೀಯ. ಅಲ್ಲಿ ಬೆಳಗ್ಗೆ ಏಳು ಅಂದರೆ ಇಲ್ಲಿ ಸಂಜೆ ನಾಲ್ಕೂವರೆ. ಚಹಾಕ್ಕೆ ಇಡುವ ಹೊತ್ತು. ನನಗೂ ಈಗ ಆ ಹೊತ್ತಿಗೆ ಅದೇ ನೆನಪಾಗುತ್ತೆ.

ಬೆಟ್ಟದ ಬಗ್ಗೆ ಓದಿದೆ. ಮೌಂಟ್ ಹೋಲಿಯೋಕ್ ಅಂದರೆ 285 ಮೀಟರ್ ಎತ್ತರವಂತೆ. ಪುಟ್ಟಿ, ನಮ್ಮ ಬಳ್ಳಾರಿ ಊರೇ ಅದಕ್ಕಿಂತ ಎತ್ತರದಲ್ಲಿದೆ! ಗುಡ್ಡ ಹತ್ತದೇನೇ ನಾವು ಅವರಿಗಿಂತ ಮೇಲಿದ್ದೇವೆ. ನಗಬೇಡ, ನಿಜ. ಕಾಲೇಜು ಶುರುವಾದದ್ದು 1837ರಲ್ಲಿ, ಮೊದಲ ಮೌಂಟನ್ ಡೇ 1838ರಲ್ಲಿ. ಒಂದು ವರ್ಷಕ್ಕೇ ಪುಸ್ತಕ ಮುಚ್ಚಿಸಿ ಹುಡುಗಿಯರನ್ನು ಬೆಟ್ಟಕ್ಕೆ ಹೊರಡಿಸಿದ್ದಾರೆ. ಕಾಲೇಜು ಕಟ್ಟಿದ ಮೇರಿ ಲಯನ್ ಹಸಿರು ಮಖಮಲ್ಲಿನ ಚೀಲ ಹಿಡಿದು ಮನೆಮನೆ ತಿರುಗಿ ದುಡ್ಡು ಎತ್ತಿದ್ದಳಂತೆ. ಆ ಕಾಲದಲ್ಲಿ, ಮದುವೆಯಾಗದ ಹೆಂಗಸು. ಅವಳನ್ನು ಆ ಮನೆಗಳಿಗೆ ಯಾರು ಕರೆದಿದ್ದರು ಹೇಳು.

ನಮ್ಮ ಕೊಪ್ಪಳದ ಗವಿಮಠದ ಜಾತ್ರೆಗೂ ಯಾರೂ ಕರೆಯಲ್ಲ. ಜನವರಿ ಬಂತು ಅಂದರೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೇರಿಕೊಂಡು, ಡೊಳ್ಳು ಬಡಿದುಕೊಂಡು ಬರುತ್ತಾರೆ. ದಾಸೋಹದಲ್ಲಿ ಪಕ್ಕ ಕೂತವರು ಯಾರು ಅಂತ ಕೇಳದೇ ಮಾದಲಿ ಹಾಕಿಸಿಕೊಂಡು ಉಣ್ಣುತ್ತೇವೆ. ಗಂಟೆಯೂ ಹಾಗೇ ತಾನೇ, ಯಾರ ಹೆಸರೂ ಹಿಡಿದು ಹೊಡೆಯಲ್ಲ. ಇಷ್ಟು ಬರೆದು ಸಮಾಧಾನವಾಯಿತು ಅಂದುಕೊಂಡೆ. ಆಮೇಲೆ ಅನಿಸಿತು, ನಾನು ಜಾತ್ರೆಗೆ ಯಾವತ್ತೂ ಒಬ್ಬಳೇ ಹೋದವಳಲ್ಲ. ಅವ್ವನ ಸೆರಗು ಹಿಡಿದು ಹೋದೆ, ಆಮೇಲೆ ನಿಮ್ಮ ಮಾವನ ಜೊತೆ, ಆಮೇಲೆ ಮಕ್ಕಳ ಕೈ ಹಿಡಿದು. ಸಾವಿರಾರು ಜನರ ನಡುವೆ ಒಬ್ಬಳೇ ನಡೆಯೋದು ಹೇಗಿರುತ್ತೆ ಅಂತ ನಿನಗೆ ಜಾತ್ರೆಯ ಕಥೆ ಹೇಳಿ ನಾನು ತಿಳಿಸಲಾರೆ. ಆ ಮಾತು ಅಷ್ಟಕ್ಕೇ ಇರಲಿ.

ಆದರೆ ಯಾರೂ ಕರೆಯದಿದ್ದರೆ ಅನ್ನೋ ಭಯ ನನಗೆ ಹೊಸದಲ್ಲ. 1976ರಲ್ಲಿ ಕುಷ್ಟಗಿ ಕಡೆಯಿಂದ ಬಳ್ಳಾರಿ ಹಾಸ್ಟೆಲಿಗೆ ಬಂದಾಗ ಅರ್ಧಕ್ಕರ್ಧ ಹುಡುಗಿಯರು ತಮ್ಮತಮ್ಮಲ್ಲಿ ತೆಲುಗು ಮಾತಾಡುತ್ತಿದ್ದರು. 1953ರ ತನಕ ಮದ್ರಾಸಿಗೆ ಸೇರಿದ್ದ ಊರು, ತೆಲುಗು ಅವರಿಗೆ ಮನೆಮಾತು. ನಾನೋ ನಿಜಾಮರ ಸೀಮೆಯವಳು. ಊಟಕ್ಕೆ ಎದ್ದರೋ, ಸಿನಿಮಾಕ್ಕೆ ಹೊರಟರೋ ನನಗೆ ಗೊತ್ತಾಗುತ್ತಿರಲಿಲ್ಲ. ಅವರು ಬೇಕಂತ ಬಿಟ್ಟು ಹೋದವರಲ್ಲ. ಕರೆದರೂ ಕರೆದದ್ದು ನನಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಬಿಡುವಿನಲ್ಲಿ ನಾನು ನೋಟಿಸ್ ಬೋರ್ಡ್ ಮುಂದೆ ನಿಲ್ಲುತ್ತಿದ್ದೆ. ಅಲ್ಲಿ ಓದುತ್ತಾ ನಿಂತರೆ ಒಬ್ಬಳೇ ಇದ್ದಾಳೆ ಅಂತ ಯಾರಿಗೂ ಅನಿಸಲ್ಲ, ನೋಡು. ಚರ್ಚಾಸ್ಪರ್ಧೆ, ಗ್ಯಾದರಿಂಗ್, ಹಂಪಿ ಟ್ರಿಪ್ಪು, ಎನ್‌ಎಸ್‌ಎಸ್ ಕ್ಯಾಂಪು, ಎಲ್ಲದರ ತಾರೀಕು, ಸಮಯ, ಕೊಡಬೇಕಾದ ರೊಕ್ಕ ನನಗೆ ಬಾಯಿಪಾಠ. ಯಾವುದಕ್ಕೂ ಹೆಸರು ಕೊಡಲಿಲ್ಲ. ನಿನ್ನ ಸುದ್ದಿಪಟ್ಟಿ ಓದುವಾಗ ಕಾಲು ನೋವು ಬಂತು ಅಂದರೆ ನಂಬುತ್ತೀಯಾ? ಆಗ ನಿಂತ ನೋವು ಈಗ ಬಂದಂತೆ.

ಡಿಗ್ರಿ ಮುಗಿದಾಗ ಧಾರವಾಡದಲ್ಲಿ ಎಂಎ ಸೀಟು ಸಿಕ್ಕಿತ್ತು. ಆಗ ಗುಲಬರ್ಗಾ ಯೂನಿವರ್ಸಿಟಿ ಇನ್ನೂ ಆಗಿರಲಿಲ್ಲ, ಅದು ಬಂದದ್ದು 1980ರಲ್ಲಿ. ನಮಗೆಲ್ಲ ಧಾರವಾಡವೇ. ಅಷ್ಟು ದೂರ ಬೇಡ ಅಂತ ಅಪ್ಪ ಅಂದರು, ಹಾಗಾಗಿ ಓದು ನಿಂತಿತು ಅಂತ ನೀವೆಲ್ಲ ಕೇಳಿಕೊಂಡು ಬಂದಿದ್ದೀರಿ. ಅಪ್ಪ ಅಂದದ್ದು ನಿಜವೇ. ಆದರೆ ಅವರು ಬೇಡ ಅಂದಾಗ ನಾನು ಹಿತ್ತಲಿಗೆ ಹೋಗಿ ನಿರಾಳವಾಗಿ ಉಸಿರು ಬಿಟ್ಟೆ ಪುಟ್ಟಿ. ಇನ್ನೊಂದು ಹಾಸ್ಟೆಲು, ಇನ್ನೊಂದು ನೋಟಿಸ್ ಬೋರ್ಡು ತಪ್ಪಿತಲ್ಲ ಅಂತ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ಅವನು ಇವತ್ತಿಗೂ ಅಪ್ಪನ ಮೇಲೆ ಸಿಟ್ಟು ಮಾಡುತ್ತಾನೆ, ಅಕ್ಕನ ಓದು ನಿಲ್ಲಿಸಿದರು ಅಂತ. ಮಾಡಲಿ ಬಿಡು.

ಯಾಕೆ ಹೇಳಿದೆ ಅಂದರೆ, ನಿನ್ನ ಸಾಲಿನ ಕೆಳಗೆ "ಆ ದಿನ ಲೈಬ್ರರಿ ಖಾಲಿ ಇರುತ್ತೆ, ಆರಾಮಾಗಿ ಓದಬಹುದು" ಅಂತಲೂ ಬರೆದಿದ್ದೀಯ. ಆ ಆರಾಮು ನನಗೆ ಗೊತ್ತು. ಅದಕ್ಕೇ ಹೆದರಿಕೆ. ಕರೆಯದಿದ್ದರೆ ಅಂತ ನೀನು ಹೆದರುತ್ತೀಯ, ಕರೆದಾಗ ನೀನು ಲೈಬ್ರರಿಯಲ್ಲಿದ್ದರೆ ಅಂತ ನಾನು ಹೆದರುತ್ತೇನೆ.

ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ಹಾಸ್ಟೆಲಿನಲ್ಲಿ ರಾತ್ರಿ ಹಾಲು, ಬಿಸ್ಕತ್ತು ಇಡುತ್ತಾರೆ ಅಂದಿದ್ದೀಯ, ಅದನ್ನು ರೂಮಿಗೆ ತಂದುಕೊಳ್ಳದೇ ಅಲ್ಲೇ ನಿಂತು ತಿನ್ನು. ಮಾತಾಡಲೇಬೇಕು ಅಂತಿಲ್ಲ. ಎದುರು ರೂಮಿನ ವಿಯೆಟ್ನಾಂ ಹುಡುಗಿ ನಿನ್ನ ಹಾಗೇ ಗಪ್‌ಚುಪ್ ಅಂದೆಯಲ್ಲ, ಗಂಟೆ ಹೊಡೆಯುವ ಮುಂಚೆಯೇ, ಇವತ್ತು ನಾಳೆಯಲ್ಲೇ, ಬರ್ತೀಯಾ ಅಂತ ಅವಳನ್ನು ಕೇಳಿಬಿಡು. ಅವಳೂ ಎಷ್ಟು ದಿನದಿಂದ ಕಿವಿಗೊಟ್ಟು ಏಳುತ್ತಿದ್ದಾಳೋ. ಅವಳಿಗೆ ಆಗಲೇ ಜೊತೆ ಸಿಕ್ಕಿದ್ದರೆ ಬೇಜಾರಾಗುತ್ತೆ, ಅದಕ್ಕೆ ನಾನೇನೂ ಮಾಡಲಾರೆ. ಅಷ್ಟು ದೂರ ಕೂತು ಹೇಳೋದು ಸುಲಭ ಅಂತ ನನಗೂ ಗೊತ್ತಿದೆ. ಆಗಲೂ ಬೆಟ್ಟಕ್ಕೆ ಹೋಗು. ಯಾವುದಾದರೂ ಗುಂಪಿನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಡೆದರೂ ಆಯಿತು. ಮೇಲಿಂದ ಕನೆಕ್ಟಿಕಟ್ ನದಿ ಬಳಸಿಕೊಂಡು ತಿರುಗುವುದು ಕಾಣುತ್ತಂತೆ, ಅದಕ್ಕಾದರೂ ಹೋಗು. ಆ ದಿನ ಆಗದೇ ಹೋದರೆ ಅಲ್ಲಿಗೇ ಎಲ್ಲ ಮುಗಿಯಲ್ಲ. ಎರಡನೇ ವರ್ಷದವರು ಹೊಸಬರ ಬಾಗಿಲಿಗೆ ಗುಟ್ಟಾಗಿ ಉಡುಗೊರೆ ಇಟ್ಟು ಹೋಗುವ ಪದ್ಧತಿ ಇದೆಯಲ್ಲ, ಎಲ್ಫಿಂಗ್ ಅಂತಲೋ ಏನೋ. ಯಾರೂ ಮಾತಾಡಿಸದ ಹುಡುಗಿಯನ್ನು ನೆನೆಸಿಕೊಂಡೇ ಯಾರೋ ಅದನ್ನು ಶುರು ಮಾಡಿರಬೇಕು ಅಂತ ನನ್ನ ಊಹೆ. ನವೆಂಬರಿನಲ್ಲಿ ಫೌಂಡರ್ಸ್ ಡೇ ದಿನ ಮೇರಿ ಲಯನ್ ಸಮಾಧಿ ಹತ್ತಿರ ಬೆಳಬೆಳಗ್ಗೆ ಐಸ್‌ಕ್ರೀಂ ಕೊಡುತ್ತಾರೆ ಅಂದೆ. ಪಕ್ಕದ ಮನೆಯವರಿಗೆ ಹೇಳಿದರೆ ಅವರು ನಂಬಲೇ ಇಲ್ಲ. ಅಲ್ಲಿಗೆ ಸ್ವೆಟರ್ ಹಾಕಿಕೊಂಡು ಹೋಗು, ನಿನಗೆ ಟಾನ್ಸಿಲ್ ಇದೆ.

ಇನ್ನೊಂದು. ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಎರಡೂ ಮಾಡಿಟ್ಟಿದ್ದೇನೆ. ಪಾರ್ಸೆಲಿಗೆ ಯಾವ ಅಡ್ರೆಸ್ ಬರೆಯಬೇಕು, ಹಾಸ್ಟೆಲಿನದೋ ಕಾಲೇಜಿನ ಪೋಸ್ಟ್ ಬಾಕ್ಸಿನದೋ, ತಿಳಿಸು. ವಿಯೆಟ್ನಾಂ ಹುಡುಗಿ ಖಾರ ತಿನ್ನುತ್ತಾಳಾ ಕೇಳಿ ಹೇಳು, ಅದರ ಮೇಲೆ ಎಷ್ಟು ಕಳಿಸಬೇಕು ಅಂತ ನೋಡುತ್ತೇನೆ.

ನಿನ್ನ ಅತ್ತೆ,
ಬಳ್ಳಾರಿ