ಓವರ್ ಅಂದರೆ ಬರೀ ಮೇಲೆ ಅಲ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಇಂಗ್ಲಿಷ್ ಪರೀಕ್ಷೆಯಲ್ಲಿ ಆನ್, ಓವರ್, ಅಬವ್ ಮೂರನ್ನೂ ಕಲಸಿ ಬಂದೆ ಎಂದು ಬರೆದಿದ್ದೀಯ. ಬೇಜಾರು ಮಾಡಿಕೊಳ್ಳಬೇಡ, ನಾನೂ ಅಲ್ಲೇ ಬಿದ್ದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಹೇಬರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದು, ದಯವಿಟ್ಟು ನನ್ನ ಕೆಲಸವನ್ನು 'ಓವರ್‌ಲುಕ್' ಮಾಡಿ ಎಂದು ಕೇಳಿಕೊಂಡಿದ್ದೆ. ಓವರ್ ಅಂದರೆ ಮೇಲೆ, ಲುಕ್ ಅಂದರೆ ನೋಡು. ಮೇಲ್ವಿಚಾರಣೆ ಆಯಿತು ಅಲ್ವಾ? ಅವರು ಆ ಪದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ಆಗಲಿ, ನೋಡುವುದೇ ಇಲ್ಲ" ಎಂದು ಕನ್ನಡದಲ್ಲಿ ಬರೆದು ವಾಪಸ್ ಕಳಿಸಿದರು. ಓವರ್‌ಲುಕ್ ಅಂದರೆ ಕಣ್ಣಿಗೆ ಬೀಳದೆ ಹೋಗುವುದು, ಇಲ್ಲವೇ ನೋಡಿಯೂ ಬಿಟ್ಟುಬಿಡುವುದು. ನನಗೆ ಬೇಕಿದ್ದದ್ದು ಓವರ್‌ಸೀ. ಓವರ್‌ಸೈಟ್ ಇನ್ನೂ ಕಿಲಾಡಿ. ಉಸ್ತುವಾರಿಗೂ ಅದೇ, ಕಣ್ತಪ್ಪಿಗೂ ಅದೇ!

ತೊಂದರೆ ಇರುವುದು ನಮ್ಮ 'ಮೇಲೆ'ಯಲ್ಲಿ. ಮೇಜಿನ ಮೇಲೆ ಲೋಟ, ತಲೆಯ ಮೇಲೆ ಫ್ಯಾನು, ಊಟ ಆದ ಮೇಲೆ ನಿದ್ದೆ, ನಿನ್ನ ಮೇಲೆ ಸಿಟ್ಟು. ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಲೋಟಕ್ಕೆ ಆನ್, ಊಟಕ್ಕೆ ಆಫ್ಟರ್, ಸಿಟ್ಟಿಗೆ ವಿತ್. ಫ್ಯಾನಿಗೆ ಓವರ್ ಆದರೂ ಸರಿ, ಅಬವ್ ಆದರೂ ಸರಿ. ಆದರೆ ಅಬವ್ ಸುಮ್ನೆ ಎತ್ತರದಲ್ಲಿ ಇರುತ್ತದೆ. ಓವರ್ ದಾಟುತ್ತದೆ, ಮುಚ್ಚುತ್ತದೆ, ಮಗುಚುತ್ತದೆ. ಬೇಲಿ ಹಾರಿದರೆ ಓವರ್. ಮುಖಕ್ಕೆ ಕಂಬಳಿ ಎಳೆದುಕೊಂಡರೆ ಓವರ್. ದೋಸೆ ತಿರುವಿ ಹಾಕುವುದೂ ಓವರ್. ನಾವು ಹಾಳೆಯ ಕೆಳಗೆ ಪಿ.ಟಿ.ಓ., ಅಂದರೆ 'ಪ್ಲೀಸ್ ಟರ್ನ್ ಓವರ್', ಎಂದು ಬರೆಯುತ್ತಿದ್ದೆವಲ್ಲ, ಅದರ ಕೊನೆಯ ಓ ಕೂಡ ಇದೇ. ಅಳತೆ ದಾಟಿದರೆ ಜಾಸ್ತಿ ಆಯಿತು, ಓವರ್‌ಲೋಡ್, ಓವರ್‌ಟೈಮ್, ನಿಮ್ಮಮ್ಮ ನಿನಗೆ ಬೈಯುವ ಓವರ್ ಆಕ್ಟಿಂಗ್. ಕೊನೆ ದಾಟಿದರೆ ಮುಗಿಯಿತು, ಗೇಮ್ ಓವರ್.

ಕ್ರಿಕೆಟ್ಟಿನ ಓವರ್ ಕೂಡ ಇದರ ನೆಂಟನೇ. ಲೆಕ್ಕದ ಚೆಂಡುಗಳು ಮುಗಿದಾಗ ಅಂಪೈರ್ 'ಓವರ್' ಎಂದು ಕೂಗುತ್ತಾರೆ, ಬೌಲಿಂಗ್ ಇನ್ನೊಂದು ತುದಿಗೆ ಹೋಗುತ್ತದೆ. ಆ ಕೂಗೇ ಹೆಸರಾಯಿತು. ಇಂಗ್ಲೆಂಡಿನಲ್ಲಿ 1888ರವರೆಗೆ ಓವರಿಗೆ ನಾಲ್ಕೇ ಚೆಂಡು. 1889ರಲ್ಲಿ ಐದಾಯಿತು, 1900ರಲ್ಲಿ ಆರು. ಆಸ್ಟ್ರೇಲಿಯಾದಲ್ಲಿ 1978-79ರ ಸೀಸನ್ನಿನಲ್ಲೂ ಎಂಟು ಹಾಕುತ್ತಿದ್ದರು. ನಿಮ್ಮಪ್ಪ ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟು.

ವೈರ್‌ಲೆಸ್ಸಿನಲ್ಲಿ ಮಾತ್ರ ಹುಷಾರು. ಅಲ್ಲಿ ಓವರ್ ಅಂದರೆ ನನ್ನ ಮಾತು ಮುಗಿಯಿತು, ಈಗ ನೀನು ಹೇಳು ಎಂದು. ಔಟ್ ಅಂದರೆ ಉತ್ತರವೇ ಬೇಡ. ಸಿನಿಮಾ ಪೊಲೀಸರು 'ಓವರ್ ಅಂಡ್ ಔಟ್' ಅನ್ನುವುದು, ನೀನು ಮಾತಾಡ್ತಾ ಇರು, ನಾನು ಹೊರಟೆ ಅಂದ ಹಾಗೆ.

ಒಂಟಿ ಪದವನ್ನು ಬಾಯಿಪಾಠ ಮಾಡಬೇಡ. ಪ್ರತಿಸಲ ಅದರ ಜೊತೆಗಾರನನ್ನೂ ಸೇರಿಸಿ ಬರೆದುಕೋ. ಬೇಲಿ ಇದ್ದರೆ ಬೇಲಿ, ದೋಸೆ ಇದ್ದರೆ ದೋಸೆ. ಭಾನುವಾರದೊಳಗೆ ಹತ್ತು ವಾಕ್ಯ ಬರೆದು ಕಳಿಸು. ನನ್ನ ಹತ್ತಿರವೂ ಈಗ ಕೆಂಪು ಪೆನ್ನು ಇದೆ.

ಇಂತಿ,
ನಿನ್ನ ದೊಡ್ಡಪ್ಪ